ಬೆಲ್ ಕೆಟ್ಟಿತ್ತು

ನಮ್ಮ ಮನೆಯ ಕರೆಗಂಟೆ ಈ ಬೇಸಿಗೆಯಲ್ಲಿ ಎರಡು ತಿಂಗಳಿಗೂ ಮಿಕ್ಕಿ ಮೂಕವಾಗಿತ್ತು. ಮನೆಯೊಳಗಿದ್ದ ನಮಗೆ ಅದು ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಎಂದು ಬರೆದೆನಲ್ಲ, ಆ ಮಾತು ಎಷ್ಟು ನಿಜ ಎಂಬುದರ ಬಗ್ಗೆಯೇ ಈ ಬರಹ.

ಟ್ಯೂಬ್‌ಲೈಟ್ ಕೆಟ್ಟರೆ ಕತ್ತಲಾಗುತ್ತದೆ. ಫ್ಯಾನು ನಿಂತರೆ ನಮ್ಮ ರಾವೂರಿನ ಮೇ ತಿಂಗಳಲ್ಲಿ ಯಾರೂ ಬಂದು ಹೇಳಬೇಕಾಗಿಲ್ಲ, ಬೆನ್ನೇ ಹೇಳುತ್ತದೆ. ನಲ್ಲಿ ಕೆಟ್ಟರೆ ತೊಟ್ಟಿಕ್ಕುತ್ತದೆ, ಮಿಕ್ಸರ್ ಕೆಟ್ಟರೆ ಚಟ್ನಿ ಆಗುವುದಿಲ್ಲ. ಮನೆಯಲ್ಲಿರುವ ಸಾಮಾನುಗಳಲ್ಲಿ ತಾನು ಕೆಟ್ಟಿದ್ದೇನೆಂದು ಒಡೆಯನಿಗೆ ಹೇಳದೆ ಇರುವುದು ಈ ಗಂಟೆಯೊಂದೇ. ಅದು ಬಾರಿಸದಿದ್ದರೆ ಯಾರೂ ಬಂದಿಲ್ಲ ಎಂದುಕೊಂಡು ನಾವು ಸುಖವಾಗಿರುತ್ತೇವೆ. ಹೊರಗೆ ನಿಂತವರಿಗಾದರೂ ಗೊತ್ತಾಗುತ್ತದೆಯೇ ಎಂದರೆ ಅದೂ ಇಲ್ಲ. ಅವರು ಗುಂಡಿ ಒತ್ತುತ್ತಾರೆ, ಕಾಯುತ್ತಾರೆ, ಮನೆಯಲ್ಲಿ ಯಾರೂ ಇಲ್ಲ ಎಂದುಕೊಳ್ಳುತ್ತಾರೆ. ಇಲ್ಲವೆ ಇದ್ದೂ ತೆಗೆಯುತ್ತಿಲ್ಲ ಎಂದುಕೊಳ್ಳುತ್ತಾರೆ. ಎರಡನೆಯದನ್ನು ಅಂದುಕೊಂಡವರು ಅದನ್ನು ನಮಗೆ ಎಂದೂ ಹೇಳುವುದಿಲ್ಲ.

ನಾನು ಹುಟ್ಟಿ ಬೆಳೆದ ಮನೆಗೆ ಕರೆಗಂಟೆ ಇರಲಿಲ್ಲ. ಫರಸಿಗಲ್ಲಿನ ಮಾಳಿಗೆ, ದೊಡ್ಡ ಬಾಗಿಲು, ಬಾಗಿಲಿಗೊಂದು ಕಬ್ಬಿಣದ ಕೊಂಡಿ. ಹಗಲೆಲ್ಲ ಬಾಗಿಲು ತೆರೆದೇ ಇರುತ್ತಿತ್ತು. ಬಂದವರು ಓಣಿಯಿಂದಲೇ ಕೂಗುತ್ತಿದ್ದರು. ಕೂಗಿನಲ್ಲೇ ಯಾರು, ಯಾವ ಊರು, ಸಿಟ್ಟಿನಲ್ಲಿದ್ದಾರೋ ಹಸಿದಿದ್ದಾರೋ ಎಲ್ಲ ತಿಳಿಯುತ್ತಿತ್ತು. ಆ ಕಾಲವೇ ಚೆಂದವಾಗಿತ್ತು ಎಂದು ಹೇಳಲು ನನಗೆ ಮನಸ್ಸಿಲ್ಲ. ಕೊಂಡಿ ಮುಟ್ಟುವ ಹಕ್ಕಿಲ್ಲದವರು ಹಲವರಿದ್ದರು. ಅವರು ದೂರ ನಿಂತು ಕೂಗಬೇಕಾಗಿತ್ತು, ಒಳಗಿನವರು ಕೇಳಿಸಿಕೊಂಡೂ ಕೇಳಿಸದಂತೆ ಇರಬಹುದಾಗಿತ್ತು. ಆ ಲೆಕ್ಕಕ್ಕೆ ಕರೆಗಂಟೆಯ ಗುಂಡಿ ಒಳ್ಳೆಯದು. ಅದಕ್ಕೆ ಯಾರ ಬೆರಳಾದರೂ ಒಂದೇ. ಆದರೆ ಬೆರಳು ಗುಂಡಿಯ ತನಕ ಹೋಗಬೇಕಲ್ಲ! ನಮ್ಮ ಓಣಿಗೆ ಸೊಪ್ಪು ತರುವ ಮುದುಕಿ ಇವತ್ತಿಗೂ ಗೇಟಿನ ಹೊರಗೆ ನಿಂತೇ ಕೂಗುತ್ತಾಳೆ. ಬೆಲ್ ಒತ್ತವ್ವಾ ಎಂದರೆ ನಕ್ಕು ಸುಮ್ಮನಾಗುತ್ತಾಳೆ. ಗಂಟೆ ಬಂದಮೇಲೆ ಇನ್ನೊಂದು ರೀತಿಯೂ ಬಂತು: ಒಮ್ಮೆ ಒತ್ತಿದಮೇಲೆ ಕೂಗುವುದು ಅಸಭ್ಯವಾಯಿತು. ಓದುವ ಮಕ್ಕಳಿಗೆ ಶಾಲೆಯಲ್ಲಿ ನಾವೇ ಇದನ್ನು ಕಲಿಸುತ್ತೇವೆ. ದೊಡ್ಡವರ ಮನೆಯ ಮುಂದೆ ಹೋಗಿ ಗದ್ದಲ ಮಾಡಬಾರದು, ಮೆಲ್ಲಗೆ ಬೆಲ್ ಒತ್ತಿ ನಿಲ್ಲಬೇಕು. ನಾನೇ ಕಲಿಸಿದ್ದೇನೆ.

ಹಾಗೆ ಕಲಿತವಳೊಬ್ಬಳು ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಿದ್ದಳು. ಒಂಬತ್ತನೆಯ ತರಗತಿ ಮುಗಿಸಿದ ಹುಡುಗಿ. ಓದಿನಲ್ಲಿ ಮೊದಲಿಗಳಲ್ಲ, ಆದರೆ ಪ್ರಬಂಧ ಬರೆಯೆಂದರೆ ತನ್ನದೇ ಮಾತಿನಲ್ಲಿ ಬರೆಯುತ್ತಿದ್ದ ಮೂರು ನಾಲ್ಕು ಮಕ್ಕಳಲ್ಲಿ ಒಬ್ಬಳು. ತಂದೆ ಕಲ್ಲುಗಣಿಯಲ್ಲಿ ದುಡಿಯುವವನು. ರಾವೂರು, ವಾಡಿ, ಶಹಾಬಾದ್ ಕಡೆಯವರಿಗೆ ಈ ಬದುಕನ್ನು ವಿವರಿಸಬೇಕಾಗಿಲ್ಲ. ನಮ್ಮ ನೆಲ ಕೆದಕಿದರೆ ಸುಣ್ಣದ ಕಲ್ಲು. ಹಾಸಾಗಿ ಎದ್ದರೆ ಫರಸಿ, ಪುಡಿಯಾದರೆ ಸಿಮೆಂಟು. ಊರೂರಿನ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಎಂದರೆ ಇದೇ. ಗಣಿಯಲ್ಲಿ ಕೆಲಸ ಇದ್ದಷ್ಟು ದಿನ ಮನೆ ನಡೆಯುತ್ತದೆ, ಕೆಲಸ ತಗ್ಗಿದರೆ ಕುಟುಂಬಕ್ಕೆ ಕುಟುಂಬವೇ ಮುಂಬಯಿಗೋ ಪುಣೆಗೋ ಬೆಂಗಳೂರಿಗೋ ಹೊರಡುತ್ತದೆ.

ಮೇ ಕೊನೆಗೆ ಶಾಲೆ ಶುರುವಾದಾಗ ಹುಡುಗಿ ಬರಲಿಲ್ಲ. ಮೊದಲ ವಾರ ಎಲ್ಲರೂ ಬರುವುದಿಲ್ಲ ಎಂದುಕೊಂಡೆ. ಎರಡನೆಯ ವಾರ ಹಾಜರಿ ಕೂಗುವಾಗ ಅವಳ ಚಿಕ್ಕಪ್ಪನ ಮಗಳು ಎದ್ದು ನಿಂತು ಹೇಳಿದಳು: “ಆಕಿ ಬೆಂಗಳೂರಿಗಿ ಹೋಗ್ಯಾಳ್ರಿ ಟೀಚರ್. ಹೋಗಾ ಮುಂದ ನಿಮ್ಮ ಮನಿಗಿ ಬಂದಿದ್ಳ್ರಿ. ಬೆಲ್ ಒತ್ತಿದ್ರೂ ನೀವು ಬಾಗಿಲಾ ತೆಗೀಲಿಲ್ಲಂತ್ರಿ.”

ತೆಗೀಲಿಲ್ಲ. ಇಡೀ ತರಗತಿಯ ಮುಂದೆ ಆ ಮಾತು ಬಂತು. ಮಗುವಿನ ಮಾತಿನಲ್ಲಿ ದೂರು ಇರಲಿಲ್ಲ, ವರದಿ ಇತ್ತು. ನನಗೆ ಅದೇ ಹೆಚ್ಚು ನಾಟಿತು.

ಸಂಜೆ ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಹೊರಗೆ ನಿಂತು ಗುಂಡಿ ಒತ್ತಿದ್ದು. ಒಳಗೆ ಸದ್ದಿಲ್ಲ. ನಿಜ ಹೇಳಬೇಕೆಂದರೆ ಆಗ ನನಗೆ ಸಮಾಧಾನವಾಯಿತು. ಬೆಲ್ ಕೆಟ್ಟಿದೆ! ನಾನು ತೆಗೆಯದೆ ಇದ್ದುದಲ್ಲ, ನನಗೆ ಕೇಳಿಸಲೇ ಇಲ್ಲ. ಆ ಸಮಾಧಾನದಲ್ಲೇ ಹುಡುಗಿಯ ತಂದೆಯ ಮೊಬೈಲ್ ನಂಬರು ಹುಡುಕಿ ರಾತ್ರಿ ಫೋನು ಮಾಡಿದೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಅಲ್ಲೇ ಪಕ್ಕದಲ್ಲಿ ತಗಡಿನ ಶೆಡ್ಡು. ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಹುಡುಗಿ ಅಡುಗೆ ಮಾಡಿ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಬಂದಿದ್ದು ಯಾಕೆಂದು ಕೇಳಿದೆ. ಇವಳನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಿ, ಇಲ್ಲವೆ ಬಾಲಕಿಯರ ಹಾಸ್ಟೆಲಿಗೆ ಸೇರಿಸಿ, ಹತ್ತನೆಯದಾದರೂ ಮುಗಿಸಲಿ ಎಂದು ಅಪ್ಪನಿಗೆ ನಾನೊಂದು ಮಾತು ಹೇಳಲಿ ಎಂಬುದಷ್ಟೇ ಅವಳ ಆಸೆಯಾಗಿತ್ತು.

“ಬೆಲ್ ಕೆಟ್ಟಿತ್ತವ್ವ, ನನಗ ಕೇಳಿಸಲೇ ಇಲ್ಲ” ಎಂದೆ.

“ಇರ್ಲಿ ಬಿಡ್ರಿ ಟೀಚರ್. ನಾನೇ ಒದರಬೇಕಿತ್ತು. ನಂದೇ ತಪ್ಪು.”

ವಾಡಿಯಿಂದ ಬರಬೇಕಾಗಿದ್ದ ವೈರ್‌ಮನ್ ನಾಳೆ ನಾಳೆ ಎಂದು ನಾಲ್ಕು ದಿನ ಕಳೆದ. ಭಾನುವಾರ ನಾನೇ ಕೈಹಾಕಿದೆ. ನಮ್ಮ ಮನೆಯವರು ಸಿಮೆಂಟ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಶೀನುಗಳ ನಡುವೆ ಕಳೆದವರು. ಕುರ್ಚಿಯಲ್ಲಿ ಕೂತು ಹೇಳುವುದು ಅವರ ಪಾಲು, ಸ್ಟೂಲು ಹತ್ತುವುದು ನನ್ನ ಪಾಲು. ಅವರು ಹೇಳಿದ ಮೊದಲ ಪಾಠ: ಕೆಟ್ಟದ್ದನ್ನು ಹುಡುಕುವಾಗ ಗುಂಡಿಯಿಂದ ಶುರುಮಾಡಬೇಕು. ಯಾಕೆಂದರೆ ಅದು ಬಿಸಿಲು ಮಳೆಯಲ್ಲಿರುವುದು, ಎಲ್ಲರೂ ಮುಟ್ಟುವುದು. ಒಳಗಿನ ತಗಡಿನ ತುದಿಗಳು ಕಪ್ಪಾದರೆ ಒತ್ತಿದರೂ ಒಂದಕ್ಕೊಂದು ತಾಗುವುದಿಲ್ಲ. ಮೇನ್ ಆಫ್ ಮಾಡಿ ಗುಂಡಿ ಬಿಚ್ಚಿದೆ. ಧೂಳೋ ಧೂಳು, ನಮ್ಮೂರಲ್ಲಿ ಕಲ್ಲು ಪಾಲಿಶ್ ಮಾಡುವ ಧೂಳು ಹೋಗದ ಜಾಗವಿಲ್ಲ. ಪಾಲಿಶ್ ಕಾಗದದಿಂದ ತುದಿಗಳನ್ನು ಉಜ್ಜಿ, ಕೂಡಿಸಿ, ಮೇನ್ ಹಾಕಿ ಒತ್ತಿದೆವು. ಸದ್ದಿಲ್ಲ.

ಎರಡನೆಯ ಪಾಠ ನನಗೆ ಹೊಸದು. ಟೆಸ್ಟರ್ ಇಟ್ಟಾಗ ಅದರ ದೀಪ ಹತ್ತಿತು. ಕರೆಂಟ್ ಬರುತ್ತಿದೆ ಎಂದು ಕೆಳಗಿಳಿಯಲು ಹೊರಟೆ. “ದೀಪ ಹತ್ತಿದ್ರ ಫೇಸ್ ಬಂದಾದ ಅಂತ ಅಷ್ಟೇ. ವಾಪಸ್ ಹೋಗೋ ವೈರ್ ಕಡಿದಿದ್ರೂ ಅದು ಹಂಗೇ ಹತ್ತತದ” ಎಂದರು. ಬಂದಿದೆಯೇ ಎಂದಷ್ಟೇ ನೋಡಿದರೆ ಸಾಲದು, ಸುತ್ತು ಪೂರ್ಣವಾಗಿದೆಯೇ ಎಂದು ನೋಡಬೇಕು. ಮತ್ತೆ ಮೇನ್ ತೆಗೆದು, ಗುಂಡಿಯ ಎರಡು ವೈರುಗಳನ್ನು ಒಂದಕ್ಕೊಂದು ಕಟ್ಟಿ ಟೇಪು ಸುತ್ತಿ, ನಾನು ದೂರ ಸರಿದಮೇಲೆ ಅವರು ಕ್ಷಣ ಮಾತ್ರ ಮೇನ್ ಹಾಕಿ ತೆಗೆದರು. ಗೋಡೆಯ ಮೇಲಿನ ಡಬ್ಬಿಯಿಂದ ಗುಂಯ್ ಎಂಬ ಸಣ್ಣ ದನಿ ಬಂತು. ಕೂಲರ್ ನಡೆಯುತ್ತಿದ್ದರೆ ಯಾರಿಗೂ ಕೇಳಿಸದಷ್ಟು ಸಣ್ಣದು. ಅಂದರೆ ಕರೆಂಟು ಬಂದು ಸುತ್ತಿ ಹೋಗುತ್ತಿದೆ, ಗುಂಡಿಯ ತಪ್ಪಿಲ್ಲ, ವೈರಿನ ತಪ್ಪಿಲ್ಲ. ಹೊರಗಿನವರು ಕರೆದದ್ದು ಒಳಗಿನ ತನಕ ಬಂದೇ ಬಂದಿದೆ. ತಪ್ಪು ಡಬ್ಬಿಯೊಳಗೆ.

ಹಳೆಯ ಟಿಂಗ್‌ಟಾಂಗ್ ಗಂಟೆಯ ಒಳಗು ಬಹಳ ಸರಳ. ತಾಮ್ರದ ತಂತಿಯ ಸುರುಳಿ, ಅದರ ನಡುವೆ ಒಂದು ಕಬ್ಬಿಣದ ಕೋಲು, ಒಂದು ಸ್ಪ್ರಿಂಗು, ಆಚೆ ಈಚೆ ಎರಡು ಲೋಹದ ಪಟ್ಟಿ. ಗುಂಡಿ ಒತ್ತಿದರೆ ಸುರುಳಿ ಅಯಸ್ಕಾಂತವಾಗಿ ಕೋಲನ್ನೆಳೆಯುತ್ತದೆ, ಕೋಲು ಒಂದು ಪಟ್ಟಿಗೆ ಬಡಿಯುತ್ತದೆ: ಟಿಂಗ್. ಬೆರಳು ತೆಗೆದರೆ ಸ್ಪ್ರಿಂಗು ಅದನ್ನು ಹಿಂದಕ್ಕೆ ತಳ್ಳುತ್ತದೆ, ಇನ್ನೊಂದು ಪಟ್ಟಿಗೆ ಬಡಿಯುತ್ತದೆ: ಟಾಂಗ್. ವಿದ್ಯುತ್ತಿನಿಂದ ದೂರದ ಗಂಟೆ ಬಾರಿಸಬಹುದೆಂದು 1831ರ ಸುಮಾರಿಗೆ ತೋರಿಸಿಕೊಟ್ಟ ಜೋಸೆಫ್ ಹೆನ್ರಿ ಕೂಡ ನಮ್ಮಂತೆ ಪಾಠ ಹೇಳುವವನು. ಅಮೆರಿಕದ ಆಲ್ಬನಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದವನು. ಕೋಣೆಯ ಸುತ್ತ ಒಂದು ಮೈಲಿಗೂ ಹೆಚ್ಚು ತಂತಿ ಎಳೆದು, ಆ ತುದಿಯಿಂದ ಈ ತುದಿಯ ಗಂಟೆ ಬಾರಿಸಿದ್ದ. ನಮ್ಮದು ಹದಿನೈದು ಅಡಿ ತಂತಿ.

ಮುಚ್ಚಳ ತೆಗೆದೆ. ಕೋಲು ಮತ್ತು ಪಟ್ಟಿಯ ನಡುವೆ ಬಟ್ಟೆಯ ಚಿಂದಿಯೊಂದು ಗಿಡಿದಿತ್ತು. ಹಳೆಯ ಸೀರೆಯ ಚಿಂದಿ. ಬಣ್ಣ ಕಾಣದಷ್ಟು ಧೂಳು ಕೂತಿತ್ತು. ಆದರೂ ಸೀರೆ ಗುರುತು ಸಿಕ್ಕಿತು, ನನ್ನದೇ.

ಮಾರ್ಚ್‌ನಲ್ಲಿ ನಮ್ಮವರಿಗೆ ರಾತ್ರಿ ಪಾಳಿ ಇತ್ತು. ಬೆಳಗ್ಗೆ ಬಂದು ಮಲಗಿದರೆ ಹತ್ತು ಗಂಟೆಗೆ ಒಬ್ಬರು, ಹನ್ನೊಂದಕ್ಕೆ ಒಬ್ಬರು ಬೆಲ್ ಒತ್ತಿ ಎಬ್ಬಿಸುತ್ತಿದ್ದರು. ಒಂದು ದಿನ ಪರೀಕ್ಷೆಯ ಕೆಲಸಕ್ಕೆ ಹೊರಡುವ ಅವಸರದಲ್ಲಿ ನಾನೇ ಸ್ಟೂಲು ಹತ್ತಿ, ಮುಚ್ಚಳ ತೆಗೆದು, ಈ ಚಿಂದಿ ತುರುಕಿ ಹೋಗಿದ್ದೆ. ಸಂಜೆ ತೆಗೆದರಾಯಿತು ಎಂದುಕೊಂಡಿದ್ದೆ. ಎಷ್ಟನೆಯ ತಾರೀಖು ಎಂಬುದು ನೆನಪಿಲ್ಲ. ತುರುಕಿದ್ದು ಮಾತ್ರ ಚಿಂದಿ ಕಂಡ ಕೂಡಲೇ ಸ್ಪಷ್ಟವಾಗಿ ನೆನಪಾಯಿತು, ಕಾಲಬೆರಳ ಮೇಲೆ ನಿಂತದ್ದು ಸಹ.

ಅವರಿಗೂ ಹೇಳಿರಲಿಲ್ಲ. ಆಮೇಲೆ ರಾತ್ರಿ ಪಾಳಿ ಮುಗಿಯಿತು, ಪರೀಕ್ಷೆ ಮುಗಿಯಿತು, ರಜೆ ಬಂತು. ಎರಡು ತಿಂಗಳು ಗಂಟೆ ಬಾರಿಸದೆ ಇದ್ದರೂ ನಮಗೆ ಕೊರತೆ ಅನಿಸಲಿಲ್ಲ, ಏಕೆಂದರೆ ಹಾಲಿನವನು ಬಾಗಿಲು ಬಡಿಯುತ್ತಾನೆ, ಗ್ಯಾಸಿನವನು ಕೂಗುತ್ತಾನೆ, ಕೊರಿಯರಿನವನು ಗೇಟಿನಿಂದಲೇ ಫೋನು ಮಾಡುತ್ತಾನೆ, ಬಂಧುಗಳು ಹೊರಡುವ ಮೊದಲೇ ಫೋನು ಮಾಡುತ್ತಾರೆ. ಈಗಿನ ಕಾಲದಲ್ಲಿ ಕೆಟ್ಟ ಗಂಟೆಯಿಂದ ತೊಂದರೆಯಾಗುವುದು ಕೈಯಲ್ಲಿ ಫೋನಿಲ್ಲದವರಿಗೆ, ಕೂಗಲು ಸಂಕೋಚಪಡುವವರಿಗೆ ಮಾತ್ರ. ಹಾಗೆಂದರೆ ಯಾರಿಗೆ ನಾನು ಬಾಗಿಲು ತೆರೆಯಲೇಬೇಕಾಗಿತ್ತೋ ಅವರಿಗೇ.

ನಾನು ಶಾಲೆಯಲ್ಲಿ ಕಲಿಸುವುದು ಕನ್ನಡ. ಸಕರ್ಮಕ, ಅಕರ್ಮಕ ಕ್ರಿಯಾಪದಗಳ ಪಾಠವನ್ನು ವರ್ಷ ವರ್ಷ ಮಾಡುತ್ತೇನೆ. ಕೆಡು ಎಂಬುದು ಅಕರ್ಮಕ. ಕೆಡಿಸು ಎಂದರೆ ಸಕರ್ಮಕ. ಹಾಲು ಕೆಟ್ಟಿತು, ಹೆಸರು ಕೆಟ್ಟಿತು, ಬೆಲ್ ಕೆಟ್ಟಿತು. ಇಲ್ಲಿ ಕರ್ತೃಪದ ಹಾಲು, ಹೆಸರು, ಬೆಲ್. ಮಾಡಿದವರು ವಾಕ್ಯದಲ್ಲಿ ಇಲ್ಲವೇ ಇಲ್ಲ. ಎಷ್ಟು ಅನುಕೂಲದ ಕ್ರಿಯಾಪದ! ಮಕ್ಕಳಿಗೂ ಗೊತ್ತು ಇದರ ಉಪಯೋಗ. ಪೆನ್ನು ಮುರೀತ್ರಿ ಎನ್ನುತ್ತಾರೆ, ಮುರಿದೆ ಎನ್ನುವುದಿಲ್ಲ. ಆಗ ನಾನು ಗದರಿಸುತ್ತೇನೆ, ತಾನೇ ಮುರೀತೇನು? ಆ ರಾತ್ರಿ ಫೋನಿನಲ್ಲಿ ಹುಡುಗಿಗೆ ನಾನು ಹೇಳಿದ್ದು ಸುಳ್ಳಲ್ಲ, ಆಗ ನನಗೆ ತಿಳಿದದ್ದು ಅಷ್ಟೇ. ಆದರೆ ಈಗ ತಿಳಿದಿದೆ. ನಿನ್ನೆ ನಿಜವೆಂದು ಹೇಳಿದ ಮಾತು ಇಂದು ಸುಳ್ಳೆಂದು ಗೊತ್ತಾದಮೇಲೆ ಸುಮ್ಮನಿದ್ದರೆ, ಆ ಸುಮ್ಮನಿರುವಿಕೆ ಸುಳ್ಳಾಗುವುದಿಲ್ಲವೆ?

ಬಿ.ಎ.ಯಲ್ಲಿ ತತ್ವಶಾಸ್ತ್ರ ನನ್ನ ಐಚ್ಛಿಕ ವಿಷಯವಾಗಿತ್ತು. ಆಗ ಪರೀಕ್ಷೆಗೆಂದು ಓದಿದ ಅರಿಸ್ಟಾಟಲ್ ಈಗ ನೆನಪಿಗೆ ಬಂದ. ತಿಳಿಯದೆ ಮಾಡಿದ ಕೆಲಸಕ್ಕೆ ಮನುಷ್ಯ ಎಷ್ಟರ ಮಟ್ಟಿಗೆ ಹೊಣೆ ಎಂಬುದನ್ನು ಅವನು ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಚರ್ಚಿಸುತ್ತಾನೆ. ತಿಳಿಯದೆ ಮಾಡಿ ಆಮೇಲೆ ನೊಂದುಕೊಳ್ಳುವವನನ್ನು ಅವನು ಕನಿಕರದಿಂದಲೇ ನೋಡುತ್ತಾನೆ. ಆದರೆ ಆ ತಿಳಿಯದಿರುವಿಕೆಗೆ ತಾನೇ ಕಾರಣನಾದವನಿಗೆ ಈ ರಿಯಾಯತಿ ಇಲ್ಲ. ಕುಡಿದು ತಪ್ಪು ಮಾಡಿದವನಿಗೆ ಗ್ರೀಕರಲ್ಲಿ ಎರಡು ಪಟ್ಟು ದಂಡವಿದ್ದುದನ್ನು ಅವನು ಉದಾಹರಣೆ ಕೊಡುತ್ತಾನೆ. ಕುಡಿಯದೆ ಇರುವುದು ಅವನ ಕೈಯಲ್ಲೇ ಇತ್ತಲ್ಲ. ನನಗೆ ಕೇಳಿಸಲಿಲ್ಲ ಎಂಬುದು ನಿಜ. ಕೇಳಿಸದ ಹಾಗೆ ಮಾಡಿದ್ದು ಯಾರು? ಆ ಉದಾಹರಣೆಯನ್ನು ಅಂದು ಹತ್ತು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆದಿದ್ದೆ. ಕುಡುಕರ ವಿಷಯ, ನನಗೇನು ಸಂಬಂಧ ಎಂದುಕೊಂಡಿದ್ದೆ.

ಇದರ ಜೊತೆಗೆ ಸಮಾಜ ಪಾಠದ ಜಹಾಂಗೀರನೂ ನೆನಪಾದ. 1605ರಲ್ಲಿ ಪಟ್ಟಕ್ಕೆ ಬಂದಮೇಲೆ ತಾನು ಕೊಟ್ಟ ಮೊದಲ ಅಪ್ಪಣೆಯೇ ನ್ಯಾಯದ ಸರಪಳಿ ಕಟ್ಟಿಸುವುದಾಗಿತ್ತು ಎಂದು ಅವನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಬಂಗಾರದ ಸರಪಳಿ, 30 ಗಜ ಉದ್ದ, 60 ಗಂಟೆಗಳು. ಒಂದು ತುದಿ ಆಗ್ರಾ ಕೋಟೆಯ ಬುರುಜಿಗೆ, ಇನ್ನೊಂದು ನದಿಯ ದಂಡೆಯ ಕಲ್ಲುಕಂಬಕ್ಕೆ. ಅನ್ಯಾಯವಾದವರು ಬಂದು ಎಳೆಯಬಹುದು. ಮಕ್ಕಳಿಗೆ ಈ ಕಥೆ ಬಹಳ ಇಷ್ಟ. ಒಂದು ವರ್ಷ ಒಬ್ಬ ಹುಡುಗ ಕೇಳಿದ: ಎಳದ್ರ ರಾಜ ಮಲಗಿದ್ರ ಏನ್ ಮಾಡ್ತಾರ್ರಿ? ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕು ಮುಂದಕ್ಕೆ ಹೋದೆ. ಗಂಟೆ ಕಟ್ಟಿಸುವುದು ಒಂದು ದಿನದ ಕೆಲಸ, ಅದು ಬಾರಿಸುತ್ತದೆಯೇ ಎಂದು ನೋಡುತ್ತಿರುವುದು ದಿನದಿನದ ಕೆಲಸ ಎಂದು ಅವನಿಗೆ ಹೇಳಬಹುದಾಗಿತ್ತು. ಹೊಳೆಯಲಿಲ್ಲ. ತರಗತಿಯಲ್ಲಿ ಅರ್ಥವಾಯಿತೇ ಎಂದು ಕೇಳಿ, ಹೌದ್ರೀ ಎಂಬ ಒಕ್ಕೊರಲು ಕೇಳಿ ಮುಂದಿನ ಪಾಠಕ್ಕೆ ಹೋಗುವವಳು ನಾನು. ಅಲ್ಲೂ ಎಷ್ಟು ಚಿಂದಿ ತುರುಕಿದ್ದೇನೋ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಅಂದು ಗಂಟೆ ಬಾರಿಸಿ, ನಾನು ಬಾಗಿಲು ತೆರೆದು, ಆ ಸಂಜೆಯೇ ಅವಳ ಅಪ್ಪನ ಹತ್ತಿರ ಹೋಗಿದ್ದರೂ ಅವನು ಒಪ್ಪುತ್ತಿದ್ದನೆಂದು ಹೇಳಲಾರೆ. ಅವನು ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡಾಗಿತ್ತು. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಹಿಂದೆ ಇಂಥ ಮನೆಗಳಿಗೆ ಹೋಗಿ ನಾನು ಗೆದ್ದದ್ದಕ್ಕಿಂತ ಸೋತು ಬಂದದ್ದೇ ಹೆಚ್ಚು. ಆದರೆ ಸೋಲುವುದು ಬೇರೆ, ಕರೆಯೇ ಮುಟ್ಟದಿರುವುದು ಬೇರೆ. ಸೋತಿದ್ದರೆ ಟೀಚರ್ ಬಂದು ಹೇಳಿದರೂ ಅಪ್ಪ ಕೇಳಲಿಲ್ಲ ಎಂದು ಹುಡುಗಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದಳು. ಈಗ ಟೀಚರ್ ಬಾಗಿಲು ತೆಗೆಯಲಿಲ್ಲ ಎಂದು ಹತ್ತಿದ್ದಾಳೆ.

ಚಿಂದಿಯ ವಿಷಯ ಅವಳಿಗೆ ಹೇಳುತ್ತೇನೆ ಎಂದಾಗ ನಮ್ಮವರು ಒಪ್ಪಲಿಲ್ಲ. “ಈಗ ಅದು ಹೇಳಿ ಏನ್ ಮಾಡ್ತಿ? ಪೋರಿ ಮರ್ತಿರ್ತಾಳ, ನೀ ಹೋಗಿ ನೆನಪು ಮಾಡ್ತಿ. ನಿನ್ನ ಮನಸಿನ ಭಾರ ಇಳಸ್ಕೊಳ್ಳಾಕ ಆಕಿ ತಲಿಮ್ಯಾಲೆ ಇಡ್ತಿ.” ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ತಪ್ಪೊಪ್ಪಿಕೊಳ್ಳುವುದರಲ್ಲಿ ಒಂದು ಸುಖವಿದೆ, ಆ ಸುಖಕ್ಕಾಗಿ ಎದುರಿನವರನ್ನು ಬಳಸಿಕೊಳ್ಳುವವರನ್ನು ನಾನೇ ಕಂಡಿದ್ದೇನೆ. ಎರಡು ದಿನ ಯೋಚಿಸಿದೆ. ಕೊನೆಗೆ ನನ್ನನ್ನು ಬಿಡದೆ ಕಾಡಿದ್ದು ಹುಡುಗಿಯ ಮಾತು: ನಂದೇ ತಪ್ಪು. ತಪ್ಪೆಂಬುದು ನೀರಿನಂತೆ, ಒಬ್ಬರು ಒಡ್ಡು ಕಟ್ಟಿದರೆ ತಗ್ಗಿದ್ದ ಕಡೆ ಹೋಗಿ ನಿಲ್ಲುತ್ತದೆ. ಬೆಲ್ ಕೆಟ್ಟಿತ್ತು ಎಂದು ನಾನು ಒಡ್ಡು ಕಟ್ಟಿದೆ, ಅದು ಹೋಗಿ ಹದಿನೈದು ವರ್ಷದ ಮಗುವಿನ ಕಾಲಬುಡದಲ್ಲಿ ನಿಂತಿತು. ಅವಳು ಒದರಬೇಕಾಗಿರಲಿಲ್ಲ. ನಾನು ಕಲಿಸಿದ ಹಾಗೆಯೇ ಮೆಲ್ಲಗೆ ಒತ್ತಿ ನಿಂತಿದ್ದಳು.

ಮುಂದಿನ ಭಾನುವಾರ ತಂದೆ ಶೆಡ್ಡಿನಲ್ಲಿರುವ ಹೊತ್ತು ನೋಡಿ ಫೋನು ಮಾಡಿದೆ. ಬೆಲ್ ಕೆಟ್ಟಿರಲಿಲ್ಲ, ನಾನೇ ಚಿಂದಿ ತುರುಕಿ ಮರೆತಿದ್ದೆ, ಅದರಲ್ಲಿ ನಿನ್ನ ತಪ್ಪು ಏನೂ ಇಲ್ಲ ಎಂದು ಹೇಳಿದೆ. ಆ ಕಡೆಯಿಂದ ಮೊದಲು ನಗು ಬಂತು. “ಚಿಂದಿ ಇಟ್ಟಿದ್ರೇನ್ರಿ?” ಆಮೇಲೆ ತುಸು ಹೊತ್ತು ಸುಮ್ಮನಿದ್ದಳು. ನಂತರ ಹೇಳಿದಳು: “ನಾ ಮೂರು ಸಲ ಬಂದೀನ್ರಿ ಟೀಚರ್. ಮಧ್ಯಾಹ್ನ ಒಮ್ಮಿ, ಚಾಜ ಹೊತ್ತಿಗಿ ಒಮ್ಮಿ, ಮರುದಿನ ಮುಂಜಾನಿ ಒಮ್ಮಿ. ನಿಮ್ಮ ಕೂಲರ್ ಸಪ್ಪಳ ಕೇಳ್ತಿತ್ರಿ.”

ಕೂಲರಿನ ಸದ್ದು ಕೇಳಿಸುತ್ತಿತ್ತು. ಅಂದರೆ ಒಳಗೆ ಜನ ಇದ್ದಾರೆಂದು ಅವಳಿಗೆ ಮೂರು ಸಲವೂ ಗೊತ್ತಿತ್ತು. ಮೊದಲ ಫೋನಿನಲ್ಲಿ ಇದನ್ನು ಅವಳು ಹೇಳಿರಲಿಲ್ಲ. ಹೇಳುವ ಹಾಗೆ ನಾನು ಬಿಟ್ಟಿರಲಿಲ್ಲ.

ಆಮೇಲೆ ಆದದ್ದನ್ನು ಬೇಗ ಹೇಳಿಬಿಡುತ್ತೇನೆ. ಅವಳ ವರ್ಗಾವಣೆ ಪತ್ರ ಮಾಡಿಸಿ ಕಳಿಸಿದೆ. ಶೆಡ್ಡಿನ ಸಮೀಪದ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯ ಜೊತೆ ಮೂರು ಬಾರಿ ಮಾತಾಡಿದೆ. ತಂದೆಯ ಜೊತೆ ಐದಾರು ಬಾರಿ ಮಾತಾಡಿದೆ, ಒಮ್ಮೆ ಜಗಳವೂ ಆಯಿತು. ತಮ್ಮನನ್ನು ಅಂಗನವಾಡಿಗೆ ಬಿಟ್ಟು ಇವಳು ಶಾಲೆಗೆ ಹೋಗಬಹುದು ಎಂಬಲ್ಲಿಗೆ ಮಾತು ನಿಂತಿದೆ. ಜುಲೈ ಅರ್ಧ ಕಳೆದರೂ ಇನ್ನೂ ಸೇರಿಲ್ಲ. ನಾನು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೇನೆ, ಅವನು ಈ ವಾರ ಸೇರಿಸ್ತೀನ್ರಿ ಎನ್ನುತ್ತಿದ್ದಾನೆ.

ಗಂಟೆಯನ್ನು ಬದಲಿಸಲಿಲ್ಲ. ಚಿಂದಿ ತೆಗೆದು, ಧೂಳು ಒರೆಸಿ, ಕೋಲನ್ನು ಒಣಬಟ್ಟೆಯಿಂದ ತಿಕ್ಕಿದೆವು. ಎಣ್ಣೆ ಹಾಕಹೋದವಳನ್ನು ನಮ್ಮವರು ತಡೆದರು. ನಮ್ಮೂರ ಧೂಳಿಗೆ ಎಣ್ಣೆ ಸೇರಿದರೆ ಗಾರೆಯಾಗುತ್ತದಂತೆ. ಹಾಡು ಹೇಳುವ ಹೊಸ ಬೆಲ್ ತರೋಣ ಎಂದರು. ನನಗೆ ಇದೇ ಸಾಕು. ರಾತ್ರಿ ಪಾಳಿ ಬಂದರೆ ಗೇಟಿಗೆ ಒಂದು ರಟ್ಟು ಕಟ್ಟುತ್ತೇನೆ, ಬಾಗಿಲು ಬಡಿಯಿರಿ ಎಂದು ದೊಡ್ಡಕ್ಷರದಲ್ಲಿ ಬರೆದು.

ಭಾನುವಾರ ಅಂಗಳ ಗುಡಿಸಿದಮೇಲೆ ಪೊರಕೆ ಗೋಡೆಗೆ ಒರಗಿಸಿ ಹೊರಗಿನಿಂದ ಒಮ್ಮೆ ಬೆಲ್ ಒತ್ತುವುದು ಈಗ ರೂಢಿಯಾಗಿದೆ. ಬೀದಿಯಲ್ಲಿ ಹೋಗುವವರು, ತಮ್ಮ ಮನೆಯ ಬೆಲ್ ತಾವೇ ಒತ್ತುತ್ತಾರಲ್ಲ ಈ ಟೀಚರ್ ಎಂದು ನೋಡುತ್ತಾರೆ. ಮೊನ್ನೆ ಎರಡು ಸಲ ಒತ್ತಿದೆ. ಒಳಗಿನಿಂದ ನಮ್ಮವರು ಪೇಪರ್ ಓದುತ್ತಲೇ ಕೂಗಿದರು: “ಕೇಳ್ತದ, ಕೇಳ್ತದ! ಸಾಕು ಬಾ ಒಳಗ.”